ನಾಲ್ಕು ಕಣ ತಾಮ್ರ

ಹಸಿರು ಅನ್ನುವ ಮಾತು ನಮ್ಮ ಲ್ಯಾಬಿಗೆ ಹೊಸದೇನಲ್ಲ.
ಕಿತ್ತಳೆ ಬಣ್ಣದ ಕ್ರೋಮಿಕ್ ಆಮ್ಲ
ತನ್ನ ಕೆಲಸ ಮುಗಿಸಿ ಹಸಿರಾಗುತ್ತಿತ್ತು,
ಬಾಳೆಸುಳಿಯ ಹಸಿರಲ್ಲ, ಪಾಳುಬಾವಿಯ ಹಸಿರು.
ಇಪ್ಪತ್ತೇ ನಿಮಿಷ. ಆಯ್ತು, ತಗೊಂಡು ಹೋಗು ಅನ್ನುತ್ತಿದ್ದೆ.
ಸಣ್ಣರಂಗಪ್ಪ ಒಯ್ದು ತೊಳೆಯುತ್ತಿದ್ದ.
ಎಲ್ಲಿ ಚೆಲ್ಲಿದೆ ಎಂದು ಕೇಳಿದವಳಲ್ಲ ನಾನು,
ಹತ್ತೊಂಬತ್ತು ವರ್ಷ.

ಈಗ ರುಖಿಯಾ ಚೇಳೂರಿನಿಂದ ತಂದಿದ್ದಾಳೆ
ಕೊಳೆತ ಹಲಸಿನ ಬೊಡ್ಡೆಯ ಒಂದು ತುಂಡು,
ಸಿಮೆಂಟ್ ಚೀಲದಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು.
ಕಂಡಕ್ಟರು ಹಣ್ಣೆಂದುಕೊಂಡು ಲಗೇಜು ಕೇಳಿದನಂತೆ.
ಅದರ ಮೈತುಂಬ ಬಿಳಿ ಅಣಬೆ, ಕಿವಿಯ ಹಾಲೆಗಳ ಹಾಗೆ,
ಮರದ ಗಟ್ಟಿತನವನ್ನೇ ಬಿಚ್ಚಿ ಉಣ್ಣುವ ಜಾತಿ.
ಮೂರು ತಿಂಗಳು ಗೋಧಿ ಬೂಸದಲ್ಲಿ ಸಾಕಿ,
ಹಿಂಡಿ, ಸೋಸಿ, ಐಸಿನಲ್ಲಿ ಕಾಪಾಡಿ
ಕೊನೆಗೊಂದು ದಿನ ತೋರಿಸಿದಳು ಗಾಜಿನ ತಳದಲ್ಲಿ
ಒಂದು ಗುಟುಕು ನೀಲಿ: ಲ್ಯಾಕೇಸ್ ಕಿಣ್ವ.
"ಇದರ ಒಡಲಲ್ಲಿ ನಾಲ್ಕು ಕಣ ತಾಮ್ರ, ಮೇಡಂ."

ನಾಲ್ಕೇ.
ನಮ್ಮಜ್ಜಿಯ ಹಂಡೆಯಲ್ಲಿ ಲೆಕ್ಕವಿಲ್ಲದಷ್ಟಿದ್ದವು,
ಬರೀ ಸ್ನಾನದ ನೀರು ಕಾಸಿದವು.
ಇವೋ, ಆಲ್ಕೋಹಾಲಿನ ಜಲಜನಕ ಬಿಡಿಸಿ
ಬೀಸುವ ಗಾಳಿಯ ಆಮ್ಲಜನಕದ ಕೈಗಿತ್ತು
ನೀರನ್ನಷ್ಟೇ ಹಿಂದೆ ಬಿಡುತ್ತವೆ.

ಸುಮ್ಮನೆ ಹೊಗಳಬಾರದು.
ಆ ಅಣುವಿನ ಹತ್ತಿರ ತಾನಾಗಿ ಹೋಗಲಾರದು ಇದು,
ನಡುವೆ ಒಬ್ಬ ದಲ್ಲಾಳಿ ಬೇಕು,
ದನದ ಸಂತೆಯಲ್ಲಿ ಟವೆಲ್ಲಿನಡಿ ಬೆರಳು ಹಿಡಿಯುವವನಂತೆ.
ಬಿಸಿ ತಾಳದು. ಹುಳಿ ಹೆಚ್ಚಿದರೆ ಮುನಿಸು.
ಮೇಲೆ ಹದಿನೆಂಟು ಗಂಟೆ!
ನನ್ನ ಇಪ್ಪತ್ತು ನಿಮಿಷ ಒಳಗೊಳಗೇ ನಕ್ಕಿತು.

ರಾತ್ರಿ ಒಂಬತ್ತೂವರೆಗೆ ಕರೆಂಟು ಹೋಯಿತು.
ಬಿ.ಎಚ್. ರಸ್ತೆ ಉದ್ದಕ್ಕೂ ತುಮಕೂರು ಕತ್ತಲು.
ಕಲಕುವ ಯಂತ್ರ ನಿಂತಿತು,
ದ್ರವದೊಳಗೆ ಗಾಳಿ ಕರಗುವುದೂ ನಿಂತಿತು.
ರುಖಿಯಾ ಅಳುವ ಹಾಗಾದಳು.
"ಅಲ್ಲಾಡಿಸ್ತಾ ಇರ್ಬೇಕು, ಅಷ್ಟೇ ತಾನೆ? ಕೊಡವ್ವ"
ಎಂದ ಸಣ್ಣರಂಗಪ್ಪ ಸ್ಟೂಲಿನ ಮೇಲೆ ಕೂತು
ಫ್ಲಾಸ್ಕಿನ ಕತ್ತು ಹಿಡಿದು ತೂಗತೊಡಗಿದ,
ಮಜ್ಜಿಗೆಯೋ, ಮಗುವೋ.
ಮೊಬೈಲ್ ಬೆಳಕಲ್ಲಿ ಅವನ ಉಗುರು ಕಂಡೆ:
ಹತ್ತೂ ಹಳದಿ, ಸುತ್ತ ಹಳೆಯ ಹುಣ್ಣುಗಳ ಗುಂಡಿ.
ಎಡಗೈ ಸೋತರೆ ಬಲಗೈ.
ಎರಡೂ ಮುಕ್ಕಾಲಿಗೆ ಕರೆಂಟು ಬಂತು.
ನಿಲ್ಲಿಸುವುದನ್ನು ಅವನು ಮರೆತಿದ್ದ.

ಮಧ್ಯಾಹ್ನ ಹತ್ತಿಯ ಬಿರಡೆ ತೆಗೆದಾಗ
ಕೋಣೆಯೆಲ್ಲ ಸೋಂಪು,
ಹಬ್ಬದೂಟದ ಕೊನೆಯ ತಟ್ಟೆ ಯಾರೋ ಮುಂದೆ ಚಾಚಿದ ಹಾಗೆ.
ನೂರಕ್ಕೆ ಅರವತ್ತೆರಡು ಬಂದಿತ್ತು.
ನನ್ನ ಕ್ರೋಮಿಯಂ ತೊಂಬತ್ತು ಕೊಡುತ್ತಿತ್ತು.

ಫ್ಲಾಸ್ಕನ್ನು ಅವನ ಮೂಗಿಗೆ ಹಿಡಿದೆ.
ಉಸಿರೆಳೆದ. ಕಣ್ಣು ಮುಚ್ಚಿ ಮತ್ತೊಮ್ಮೆ.
"ಆ ಆಸಿಡ್ಡು ತೊಳೀತಾ ತೊಳೀತಾ
ನನ್ನ ಮೂಗು ಯಾವತ್ತೋ ಹೋಯ್ತು, ಮೇಡಂ.
ನೀವೇ ಹೇಳಿ,
ಚೆನ್ನಾಗಿ ಬಂದೈತಾ?"