ಐದು ಚುಕ್ಕೆ

ಯಾದಗಿರಿಯ ಪಾಲಿಟೆಕ್ನಿಕ್ ಲ್ಯಾಬು, ಏಪ್ರಿಲ್ ತಿಂಗಳು,
ಹನ್ನೊಂದಕ್ಕೇ ಗೋಡೆ ಕೆಂಡ.
ಕರೆಂಟು ಹೋದರೆ ಹುಡುಗರು ಹೋ ಎನ್ನುತ್ತಾರೆ;
ಅದುವರೆಗೆ ಕಟ್ಟಿದ ಮರವೆಲ್ಲ ಗಾಳಿಗೆ.
ಕಪ್ಪು ಪರದೆಯಲ್ಲಿ ಅವರವರ ಮುಖ ಅವರಿಗೇ.

ಅದಕ್ಕೇ ಹೇಳಿದೆ: ಬರೆದಿಡಿ.
ಸಾದಾ ಫೈಲು, ಒಂದೇ ಸಾಲು ಸಾಕು.
ಸಾಲಿಗೆ ಕೊಂಬೆಯಿಲ್ಲ,
ಮೊದಲು, ಆಮೇಲೆ, ಅಷ್ಟೇ ಅದಕ್ಕೆ ಗೊತ್ತು.
ಮೊದಲು ತಾನು, ಆಮೇಲೆ ಎಡಗಡೆಯ ಸಂಸಾರ ಪೂರ್ತಿ,
ಅದು ಮುಗಿದ ಮೇಲೆ ಬಲ.

ಸಾಬಣ್ಣ ತನ್ನ ಮನೆಯವರನ್ನೇ ಬರೆದ:

ಅಯ್ಯಾಳಪ್ಪ ಮರೆಪ್ಪ ದ್ಯಾವಮ್ಮ ಸಾಬಣ್ಣ

ಮುಚ್ಚಿ, ತೆರೆದು, ಓದಿಸಿದ.
ಮರ ಬರಲಿಲ್ಲ, ಜ್ವಾಳದ ದಂಟು ಬಂತು,
ಒಂದರ ಕೆಳಗೊಂದು ಗಿಣ್ಣು.
"ಮೇಡಂ, ನಮ್ಮವ್ವ ನಮ್ಮ ಮಾವನ ಮಗಳಾಗ್ಯಾಳ ನೋಡ್ರಿ!"
ಲ್ಯಾಬೆಲ್ಲ ನಕ್ಕಿತು. ಅವನೂ.

ನನಗೆ ನೆನಪಾದವನು ಹೆಳವರ ಯಂಕಪ್ಪ.
ಎರಡು ಮೂರು ವರ್ಷಕ್ಕೊಮ್ಮೆ, ಸುಗ್ಗಿ ಮುಗಿದ ಮೇಲೆ,
ಸೈದಾಪುರದ ನಮ್ಮ ಓಣಿಗೆ ಬಂದು
ಎತ್ತಿನ ಮೇಲಿಂದ ಇಳಿಯದೆಯೇ ಓದುತ್ತಿದ್ದ ನಮ್ಮ ಏಳು ತಲೆ.
ಇಂಥವನಿಗೆ ಇಂಥವನು, ಇಂಥವನಿಗೆ ಇಂಥವನು,
ಓಡುವ ದನಿ ಒಮ್ಮೊಮ್ಮೆ ತಟ್ಟನೆ ತಡೆದು
"ಇಲ್ಲಿಗೆ ಬಳ್ಳಿ ನಿಂತಿತು."
ಎತ್ತಿನ ಕೊರಳ ಗಂಟೆಗೆ ಬೆರಳಿಂದ ಒಂದು ಏಟು.
ಹಿಂದಕ್ಕೆ ಹೋಗಿ, ಇನ್ನೊಂದು ಕವಲಿನಿಂದ ಮತ್ತೆ ಶುರು.
ಗಂಟೆ ಸಾಕು, ಲಗು ಓದು ಎಂದ ನಮ್ಮ ಕಾಕಾನಿಗೆ ಅವನು:
"ಗಂಟಿ ಬಿಟ್ರ ನಿಮ್ಮ ತಮ್ಮ ನಿಮ್ಮ ಮಗ ಆಗ್ತಾನ್ರೀ ಧಣಿ."

ಹೇಳಿದೆ: ಇರುವವರನ್ನು ಬರೆದರೆ ಸಾಲದು ತಮ್ಮಾ,
ಇಲ್ಲದ್ದನ್ನೂ ಬರಿ. ಯಾರ ಹೆಸರಲ್ಲೂ ಬಾರದ ಒಂದು ಗುರುತು.
ಅವನು ಚುಕ್ಕೆ ಆರಿಸಿದ.

ಅಯ್ಯಾಳಪ್ಪ ಮರೆಪ್ಪ . . ದ್ಯಾವಮ್ಮ ಸಾಬಣ್ಣ . . .

ಮದುವೆಯಾಗದೆ ತೀರಿದ ಮರೆಪ್ಪನಿಗೆ ಎರಡು,
ಹತ್ತೊಂಬತ್ತರ ಸಾಬಣ್ಣನಿಗೂ ಎರಡು, ಸದ್ಯಕ್ಕೆ.
ಎಲೆ ಎಂದರೆ ಇಷ್ಟೇ, ಎರಡು ಇಲ್ಲಗಳನ್ನು ಹಿಡಿದ ಹೆಸರು.
ಹಾಗೆ ನೋಡಿದರೆ ನಾನೂ.

"ಕೊನೀದು ಯಾಕ್ರಿ? ಹೆಂಗೂ ಮುಗೀತಲ್ಲ." ಅಳಿಸಿದ.
ಪ್ರೋಗ್ರಾಮು ಸಾಲಿನ ತುದಿಗೆ ಬಂದು
ಇನ್ನೊಂದು ಬೇಕೆಂದು ಬಾಯಿ ತೆರೆದು ಕೂತಿತು.

ಅವನು ಬಹಳ ಹೊತ್ತು ಪರದೆ ನೋಡಿದ.
"ನನ್ನ ಬೆನ್ನಿಗೆ ಒಬ್ಬಾಕಿ ಹುಟ್ಟಿದ್ಲಂತ್ರಿ. ಐದು ದಿನ.
ಹೆಸರು ಇಟ್ಟಿರಲಿಲ್ಲ."
ಚುಕ್ಕೆಯನ್ನು ಮತ್ತೆ ಒತ್ತಿದ.

ಎಣಿಸಿದೆವು: ಹೆಸರು ನಾಲ್ಕು, ಚುಕ್ಕೆ ಐದು.
ಎರಡೆರಡೇ ಕವಲಿನ ಯಾವ ಮರದಲ್ಲೂ ಹೀಗೇ,
ಇದ್ದವರಿಗಿಂತ ಇಲ್ಲದವರು ಒಬ್ಬರು ಹೆಚ್ಚು.
ನೂರಕ್ಕೆ ನೂರೊಂದು. ಪರೀಕ್ಷೆಗೆ ಬರುತ್ತದೆ, ಬರಕೊಳ್ಳಿ.

ಮತ್ತೆ ಓದಿಸಿದ. ದಂಟು ಕವಲೊಡೆಯಿತು:
ಮಾವ ಎಡಕ್ಕೆ, ಅವ್ವ ಬಲಕ್ಕೆ, ಅವ್ವನ ಕೆಳಗೆ ಅವನು,
ಅವನ ಪಕ್ಕ ಬರಿಜಾಗ, ಬರಿಜಾಗವಾಗಿಯೇ.

ಅಷ್ಟರಲ್ಲಿ ಕರೆಂಟು ಹೋಯಿತು.
ಯಾರೂ ಹೋ ಎನ್ನಲಿಲ್ಲ.
ಫ್ಯಾನು ಇನ್ನೂ ಮೂರು ಸುತ್ತು ತಿರುಗಿ
ನಿಂತಿತು.