ಖಣ್ಯಾಗಿನ ಖೋ

ಇಲ್ಲಿಂದ ಎದ್ದ ಫರಸಿಗಳು
ಸೊಲ್ಲಾಪುರದ ಅಂಗಳಕ್ಕ ಹೋದವು, ಪುಣೆಯ ಪಾವಟಿಗೆಗೆ,
ಯಾರದೋ ಅಡಿಗಿಮನಿ ಕಟ್ಟಿಗೆ.
ಯಾರ ಮನಿ ಅಂತ ನಮ್ಮಪ್ಪ ಕೇಳಲಿಲ್ಲ.
ಗುಂಡಿ ಮಾತ್ರ ಎಲ್ಲಿಗೂ ಹೋಗಲಿಲ್ಲ,
ನಮ್ಮ ಪಾಲಿಗೆ ಉಳೀತು:
ಮೂರಾಳು ಆಳ, ಅಂಗೈಯಂಥ ಸಪಾಟು ತಳ,
ನಾಕೂ ಕಡಿ ಥರದ ಮ್ಯಾಲ ಥರ ಕಲ್ಲಿನ ಗ್ವಾಡಿ.

ಶಹಾಬಾದಿನ ಆಚೆ, ರೈಲು ಕಂಬಿ ದಾಟಿ
ಮುಂಜಾನಿ ಐದಕ್ಕ ಬರ್ರಿ.
ಆರೂವರಿಗೆ ಬಿಸಿಲು ಗ್ವಾಡಿ ಇಳೀತದ,
ಎಂಟಕ್ಕ ತಳ ಹಂಚಾಗ್ತದ.
ಅಷ್ಟರಾಗ ಆಟ ಮುಗೀಬೇಕು.

ಮೊದಲ ವರ್ಷ ಹುಡುಗ್ಯಾರು ಬರೀ ಕಲ್ಲಿನ ಮ್ಯಾಲೇ ಆಡಿದರು.
ಕೂತವರ ಮೊಳಕಾಲು ಸುಲೀತು.
ಡೈವ್ ಹೊಡೆದ ಅಂಬಿಕಾನ ಗದ್ದಕ್ಕ ನಾಕು ಹೊಲಿಗಿ.
ಬೈಲಾಕ ಬಂದ ಅವರವ್ವ ಜಗದೇವಿ
ಕಂಬದ ಹತ್ರ ನಿಂತು ನೆಲ ನೋಡಿದಳು,
ಮರುದಿನ ತಲಿ ಮ್ಯಾಲ ಒಂದು ಬುಟ್ಟಿ ಮೊರಂ ತಂದು ಸುರಿದಳು.
ಏನೂ ಅನ್ನಲಿಲ್ಲ.
ಅದರ ಮರುದಿನ ಆಕಿ ಓಣಿಗೆ ಓಣಿನೇ ಬಂತು.
ಸೈಬಣ್ಣ ಟ್ರ್ಯಾಕ್ಟರ್ ಕೊಟ್ಟ, ಡೀಸೆಲ್ ಕೊಡಲಿಲ್ಲ;
ಡೀಸೆಲ್ಲಿಗೆ ಚಹಾದಂಗಡಿಯ ಬಿಸ್ಕೀಟ್ ಡಬ್ಬ್ಯಾಗ
ವಾರಕ್ಕ ಮನಿಗೆ ಹತ್ತು ರೂಪಾಯಿ.
ಗೌಸ್ ಟೇಲರ್ ಉಳಿದ ಪರದೆ ಬಟ್ಟಿಯಿಂದ
ಹನ್ನೆರಡು ಬನಿಯನ್ ಹೊಲಿದ.
ಹೂವಿನ ಪರದೆ ಬಂತು ಅಂತ
ಚಿತ್ತಾಪುರದವರು ಇನ್ನೂ ನಗ್ತಾರ.

ನಗಲಿ. ಇಲ್ಲಿಗೆ ಬಂದು ಆಡಿದರ ಗೊತ್ತಾಗ್ತದ.
ಈ ಖಣ್ಯಾಗ ಒಮ್ಮಿ ಖೋ ಅಂದ್ರ
ಎದುರಿನ ಗ್ವಾಡಿ ಮತ್ತೊಮ್ಮಿ ಖೋ ಅಂತದ.
ಹೊರಗಿನ ಹುಡುಗ್ಯಾರು ಗ್ವಾಡಿ ಮಾತು ಕೇಳಿ ಎದ್ದು ಓಡ್ತಾರ,
ಫೌಲ್ ಮ್ಯಾಲ ಫೌಲ್.
ನಮ್ಮವರಿಗೆ ಬೆನ್ನಿಗೆ ಕೈ ತಾಗಿದರಷ್ಟೇ ಖರೆ.
ಯಾವುದು ದನಿ, ಯಾವುದು ಕಲ್ಲು
ಕೂತಲ್ಲೇ ತಿಳಕೊಂಡಾರ.
ಇದು ಮೋಸ ಅಂತ ಸೇಡಂದವರು ಬರೆದು ಕೊಟ್ಟರು.
ಗ್ವಾಡಿಗೆ ದಂಡ ಹಾಕ್ರಿ ಅಂದೆ ನಾನು.

ಸೀಟಿ ನನ್ನ ಕೊರಳಾಗ ಅದ.
ಇದೇ ಮೂಲ್ಯಾಗ ನಮ್ಮಪ್ಪ
ಸುರುಂಗಕ್ಕ ಬತ್ತಿ ಹಚ್ಚಿ, ಸರೀರೋ ಅಂತ ಒದರ್ತಿದ್ದ.
ಗ್ವಾಡಿ ಅದನ್ನೂ ತಿರುಗಿ ಒದರ್ತಿತ್ತು.
ಒಂದಿನ ಮಲ್ಕಪ್ಪ ಕಾಕಾ
ದನಿ ಯಾವ ಕಡಿಯಿಂದ ಬಂತು ತಿಳೀದ
ಸುರುಂಗದ ಕಡಿಗೇ ಓಡಿದ.
ಹುಡುಗ್ಯಾರಿಗೆ ಇದನ್ನ ಹೇಳಿಲ್ಲ.
ಕಾಕಾನ ಮೊಮ್ಮಗಳು ಒಂಬತ್ತನೇ ನಂಬರ್,
ಮುಟ್ಲಾಕ ಬಂದವರ ಕೈಯಿಂದ ಮೀನಿನಂಗ ಜಾರ್ತಾಳ.
ಆಕಿ ಓಡುವಾಗ ಮಾತ್ರ
ಸೀಟಿ ಬಾಯಾಗಿದ್ದರೂ ನಾನು ಉಸಿರು ಬಿಡೂದಿಲ್ಲ.

ಐತವಾರ ದೊಡ್ಡವರ ಪಾಳಿ.
ಬ್ಯಾಂಕಿನ ಸಿಪಾಯಿ, ಹೂ ಮಾರೋ ಕಾಶಮ್ಮ,
ಹೆಂಡತಿ ಎದುರು ಸೋಲಬಾರದಂತ ಬರೋ ಇಬ್ಬರು ಗಂಡಂದಿರು.
ಲಾಲಬೀ ಕಚ್ಚಿ ಹಾಕಿ ಕೂಡ್ತಾಳ,
ಖೋ ಸಿಕ್ಕರೂ ಏಳೂದಿಲ್ಲ,
ಹತ್ರ ಬಂದವರ ಸೆರಗು ಹಿಡಿದು ಎಳೀತಾಳ.
ಫೌಲ್ ಕೊಟ್ಟರ ಆಕಿ ನಗ್ತಾಳ, ಹಿಂದಿಂದ ಗ್ವಾಡಿ ನಗ್ತದ.
ಸೋತವರು ನೆಲಕ್ಕ ನೀರು ಹೊಡೀಬೇಕು. ಅದೊಂದೇ ಕಾಯ್ದೆ.

ಮಿರಗದ ಮಳಿ ಬಿದ್ದರ ಕ್ಲಬ್ ಮುಳುಗ್ತದ.
ಅದಕ್ಕೂ ಮೊದಲ ಎರಡೂ ಕಂಬ ಕಿತ್ತು
ಲಾಲಬೀ ಅಂಗಳದಾಗ ನಿಲ್ಲಿಸ್ತೇವಿ,
ಆಕಿ ನಡುವ ಹಗ್ಗ ಕಟ್ಟಿ ಅರಿಬಿ ಒಣಗಿಸ್ತಾಳ.
ದಸರಾ ಆದ ಮ್ಯಾಲ ಪಂಪ್ ಹಚ್ಚಿ
ನೀರೆಲ್ಲಾ ತೊಗರಿ ಹೊಲಕ್ಕ.
ಮತ್ತ ಬುಟ್ಟಿ, ಮತ್ತ ಮೊರಂ, ಮತ್ತ ಆ ಬಿಸ್ಕೀಟ್ ಡಬ್ಬಿ.

ಈಗ ಶ್ರಾವಣ.
ರಾತ್ರಿ ಉಂಡ ಮ್ಯಾಲ ಒಂಬತ್ತನೇ ನಂಬರ್
ದಂಡಿಗೆ ನಿಂತು ಖೋ ಅಂತಾಳ, ಕಿವಿಗೊಡ್ತಾಳ.
ದನಿ ಸಣ್ಣದಾಗಿ ತಿರುಗಿದರ ನೀರು ಏರ್ಯದ,
ದೊಡ್ಡದಾಗಿ ತಿರುಗಿದರ ಇಳಿದದ.
ಇವತ್ತ ಎಷ್ಟದವ್ವ ಅಂದೆ.
ಎಂಟು ಥರ ಮುಳುಗ್ಯಾವ ಕಾಕಾ, ಇನ್ನ ನಾಕು ಕಾಣ್ತಾವ.
ದಂಡಿ ಜಾರ್ತದ, ಇತ್ತ ಸರಿ ಅಂದೆ.

ಗ್ವಾಡಿ ಅದನ್ನೂ ತಿರುಗಿ ಅಂತು.