ಮೂರನೇ ಪಾಳಿಯ ಸದ್ದು

ಚುಕ್, ಚುಕ್, ಚುಕ್, ಚುಕುರ್ರ್ರ್ —
ಬಂಡೆಯ ಮೇಲೆ ಗೋಲಿ ಬಿಟ್ಟಂತೆ:
ಮೊದಲು ಎತ್ತರ, ಆಮೇಲೆ ಗಿಡ್ಡ, ಕೊನೆಗೆ ಬರೀ ನಡುಕ.
ಬೇರಿಂಗ್ ಹೋಯಿತು ಅಂದುಕೊಂಡೆ.
ಇಪ್ಪತ್ತಾರು ವರ್ಷ ಹಟ್ಟಿಯ ಪಂಪುಗಳ ಎದೆಗೆ
ಸ್ಕ್ರೂಡ್ರೈವರ್ ಊರಿ ಹಿಡಿಕೆಗೆ ಕಿವಿ ಕೊಟ್ಟವನು;
ಯಾವ ಕೆಮ್ಮಿಗೆ ಎಣ್ಣೆ ಸಾಕು,
ಯಾವುದರ ಆಯುಷ್ಯವೇ ಮುಗಿದಿದೆ, ಬಲ್ಲೆ.

ಮೌಲಪ್ಪ ಕಪ್ಪೆ ಅಂದ. ಮಾರ್ಚಿನಲ್ಲಿ ಯಾವ ಕಪ್ಪೆ?
ಕ್ಯಾಂಟೀನಿನ ಹುಲಿಗೆಮ್ಮ ಚಾ ಸೋಸುತ್ತ,
"ಹಕ್ಕಿರೀ ಅದು. ನಮ್ಮವ್ವ ಲೆಕ್ಕದಾಕಿ ಅಂತಿದ್ಲು.
ಕತ್ತಲಾದ ಮ್ಯಾಲೆ ಕಲ್ಲು ಎಣಸ್ತೈತಿ,
ಮರ್ತು ಮತ್ತ ಮೊದಲಿಂದ."
"ನೋಡಿದ್ದೀಯೇನು?"
"ಕೇಳೀನಷ್ಟ. ನೋಡಾಕ ಯಾರಿಗೆ ಪುರಸೊತ್ತೈತ್ರಿ?"

ಎರಡು ಗಂಟೆಗೆ ಬ್ಯಾಟರಿ ಹಿಡಿದು
ಅದಿರಿನ ಗುಡ್ಡೆಯಾಚೆ ಹೊರಟೆ.
ನಿಂತರೆ ನುಡಿಯುತ್ತದೆ, ನಡೆದರೆ ಗಪ್‌ಚುಪ್.
ಕಂಪ್ರೆಸರಿನ ಗದ್ದಲ ಒಂದು ಕಡೆ ಎತ್ತಿಟ್ಟೆ,
ಗಾಳಿಯನ್ನು ಇನ್ನೊಂದು ಕಡೆ,
ಉಳಿದದ್ದರತ್ತ ಹೆಜ್ಜೆ.

ಬೂಟಿನಿಂದ ಗೇಣು ದೂರ
ಒಂದು ಕಲ್ಲು ಕಣ್ಣು ತೆರೆಯಿತು.
ಒಂದೇ ಒಂದು ಕೆಂಡದ ಕಿಡಿ.
ನಾನು ಉಸಿರು ಬಿಡುವಷ್ಟರಲ್ಲಿ ಕಲ್ಲೇ ಎದ್ದು
ರೆಕ್ಕೆಯ ಸದ್ದೂ ಇಲ್ಲದೆ ಹೋಯಿತು.
ಕೂತಿದ್ದ ಜಾಗ ಮುಟ್ಟಿದೆ. ಬೆಚ್ಚಗಿತ್ತು —
ಹಗಲಿನ ಬಿಸಿಲಿನದೋ, ಅದರದೋ.

ನತ್ತಿಂಗ ಅಂತ ಹೆಸರು,
ಮುಂದೆಂದೋ ಮಗಳ ಪುಸ್ತಕದಲ್ಲಿ ಸಿಕ್ಕಿತು.
ಹುಲಿಗೆಮ್ಮನಿಗೆ ಹೇಳಿದೆ.
"ಇರ್ಲಿ ಬಿಡ್ರಿ," ಅಂದಳು, ಲೋಟ ತೊಳೆಯುತ್ತ.

ಆ ರಾತ್ರಿಯ ಪಾಳಿ ಪುಸ್ತಕದಲ್ಲಿ
ಗ್ರೀಸ್ ಬೆರಳಚ್ಚಿನ ಪಕ್ಕ ನನ್ನ ಅಕ್ಷರ ಈಗಲೂ ಇದೆ:
ಡಂಪ್ ಹಿಂದೆ ಸದ್ದು. ಹೋಗಿ ನೋಡಲಾಯಿತು.
ದುರಸ್ತಿ ಬೇಕಿಲ್ಲ.